ಕೂಲಿ ಎಂಬ ಮಾತು ಎಲ್ಲಿಂದ ಬಂತು?
(ಕೋವಾಡದ ಕೂಟದಲ್ಲಿ ಆಡಿದ ಮಾತುಗಳು)



ಘಟ್ಟದ ಕಾಫಿ ತೋಟಗಳಿಂದ ಎರಡು ದಿನದ ರಜೆ ಹಾಕಿ ಬಂದವರಿದ್ದೀರಿ. ಇಚಲಕರಂಜಿಯ ಮಗ್ಗಗಳಿಂದ ಬಂದವರಿದ್ದೀರಿ. ಗಡಹಿಂಗ್ಲಜದ ಕಡೆ ಕಬ್ಬಿನ ಹೊಲದಲ್ಲಿ ದುಡಿಯುವವರಿದ್ದೀರಿ. ಈ ತಾಮ್ರಪರ್ಣಿ ನದಿಯ ದಂಡೆಯ ಕೋವಾಡದಲ್ಲಿ ನಾವೆಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತಿದ್ದೇವೆ. ಇಂದು ನಾವು ಆಡಬೇಕೆಂದಿರುವುದು ಒಂದೇ ಒಂದು ಶಬ್ದದ ವಿಷಯ. ಅದು ದೊಡ್ಡ ಪಂಡಿತರ ಶಬ್ದವಲ್ಲ. ದಿನಾ ನಮ್ಮ ಬಾಯಲ್ಲಿ ಬರುವ ಶಬ್ದ. ಕೂಲಿ.

ಈ ವಿಷಯ ನಮಗೆ ಹೊಳೆದದ್ದು ಹೀಗೆ. ನಮ್ಮ ಜೊತೆಯ ಒಂದು ಕುಟುಂಬದ ಹುಡುಗಿ, ಏಳನೇ ತರಗತಿಯಲ್ಲಿ ಓದುವವಳು, ಒಂದು ಸಂಜೆ ಶಾಲೆಯಿಂದ ಅರ್ಜಿಯ ಕಾಗದ ತಂದಳು. ಹೆಸರು, ಊರು, ಹುಟ್ಟಿದ ತಾರೀಖು ಎಲ್ಲ ತುಂಬಿ ಆಯಿತು. ತಂದೆಯ ಉದ್ಯೋಗ ಎಂಬಲ್ಲಿಗೆ ಬಂದಾಗ ಅವಳು ಪೆನ್ನು ಕೆಳಗಿಟ್ಟಳು. "ಅವ್ವಾ, ಇಲ್ಲಿ ಕೂಲಿ ಅಂತ ಬರೀಬ್ಯಾಡ. ಎಲ್ಲಾರೂ ನಗ್ತಾರ" ಎಂದಳು. ಮೂವತ್ತು ವರ್ಷ ಕಾಫಿ ಗಿಡಗಳ ನಡುವೆ ಬೆನ್ನು ಬಗ್ಗಿಸಿದ ಅವಳ ಅಪ್ಪ ಬಾಗಿಲಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದ. ಏನೂ ಹೇಳಲಿಲ್ಲ. ಆ ಮೌನ ನಮ್ಮನ್ನು ಬಹಳ ದಿನ ಕಾಡಿತು. ಒಂದು ಶಬ್ದಕ್ಕೆ ಇಷ್ಟು ನಾಚಿಕೆ ಎಲ್ಲಿಂದ ಅಂಟಿಕೊಂಡಿತು? ಅದು ಹುಟ್ಟುವಾಗಲೇ ಹೀಗಿತ್ತೆ, ನಡುವೆ ಯಾರಾದರೂ ಕೆಡಿಸಿದರೆ? ಇದನ್ನು ವಿಚಾರಿಸಿ ನೋಡೋಣ ಎಂದುಕೊಂಡೆವು.

ಕೆಲಸದ ಮಾತುಗಳ ವಂಶ

ಶಬ್ದಗಳ ವಂಶ ವಿಚಾರಿಸಲು ಈ ಊರಿಗಿಂತ ಒಳ್ಳೆಯ ಜಾಗ ಸಿಗಲಾರದು. ಮರಾಠಿಯ ಹೆಸರಾಂತ ಕಾದಂಬರಿಕಾರ ರಣಜಿತ್ ದೇಸಾಯಿಯವರು 1928ರಲ್ಲಿ ಹುಟ್ಟಿದ್ದು ಇದೇ ಕೋವಾಡದಲ್ಲಿ. ಈ ಚಂದಗಡ ತಾಲೂಕು ಮೊದಲು ಬೆಳಗಾವಿ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಮತ್ತೆ ವಿಂಗಡಿಸಿದಾಗ ಬೆಳಗಾವಿ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು, ಚಂದಗಡ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಹಾಪುರಕ್ಕೆ ಸೇರಿತು. ಗಡಿಯನ್ನು ಕಾಗದದ ಮೇಲೆ ಎಳೆದರು. ಶಬ್ದಗಳು ಮಾತ್ರ ಸಂತೆಗೆ ಬರುವ ಹೆಣ್ಣುಮಕ್ಕಳ ಹಾಗೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದಾಡುತ್ತಲೇ ಇವೆ.

ಬೆಳಿಗ್ಗೆ ಕೆಲಸಕ್ಕೆ ನಿಂತಾಗಿನಿಂದ ನಾವು ಆಡುವ ಮಾತುಗಳನ್ನೇ ನೋಡಿ. ಮೊದಲು ಹಾಜರಿ. ಇದು ಅರಬ್ಬಿಯಿಂದ ಬಂದದ್ದು. ಹಾಜರಿ ಕರೆಯುವ ಮುಕಾದಮನೂ ಅರಬ್ಬಿಯವನೇ. ಮುಂದೆ ನಿಲ್ಲಿಸಲ್ಪಟ್ಟವನು ಎಂದು ಆ ಶಬ್ದದ ಅರ್ಥ. ತೋಟದಲ್ಲಿ ಅವನನ್ನೇ ನಾವು ಮೇಸ್ತ್ರಿ ಎನ್ನುತ್ತೇವೆ. ಅದು ಪೋರ್ಚುಗೀಸರ ಮಾತು. ಗುರು, ಕೆಲಸ ಬಲ್ಲವನು ಎಂದು ಅದರ ಅರ್ಥ. ತಿಂಗಳ ಕೊನೆಗೆ "ಪಗಾರ ಆತೇನು?" ಎಂದು ಕೇಳುತ್ತೇವಲ್ಲ, ಆ ಪಗಾರವೂ ಗೋವೆಯ ಪೋರ್ಚುಗೀಸರಿಂದ ಮರಾಠಿಗೆ ಬಂದು, ಅಲ್ಲಿಂದ ನಮ್ಮ ಕಡೆಯ ಕನ್ನಡಕ್ಕೆ ಬಂತು. ಅವರ ಭಾಷೆಯಲ್ಲಿ ಪಗಾರ್ ಎಂದರೆ ಹಣ ಸಲ್ಲಿಸುವುದು. ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ ಭಾಷೆಯಲ್ಲಿ ಸಮಾಧಾನ ಎಂಬ ಶಬ್ದಕ್ಕೂ ಇದಕ್ಕೂ ಬೇರು ಒಂದೇ. ಯಾರಿಗೆ ಕೊಡಬೇಕಿದೆಯೋ ಅವರಿಗೆ ಕೊಟ್ಟು ಸಮಾಧಾನಪಡಿಸುವುದು ಎಂದು ಅದರ ಮೂಲಭಾವ. ಪಗಾರ ಸರಿಯಾಗಿ ಆಗದ ಮನೆಯಲ್ಲಿ ಸಮಾಧಾನ ಇರುವುದಿಲ್ಲ ಎಂಬುದು ನಮಗೆ ಲ್ಯಾಟಿನ್ ಬಾರದೆಯೇ ಗೊತ್ತಿದೆ.

ಇಚಲಕರಂಜಿಯ ಸಹೋದರರು ಮಜೂರಿ ಎನ್ನುತ್ತಾರೆ. ಅದು ಪಾರಸಿಯ ಮಜ್ದೂರ್ ಎಂಬುದರಿಂದ ಬಂದದ್ದು. ಅಲ್ಲಿ ಮುಜ್ದ್ ಎಂದರೆ ದುಡಿಮೆಗೆ ಸಲ್ಲುವ ಪ್ರತಿಫಲ. ಮಜ್ದೂರ್ ಎಂದರೆ ಆ ಪ್ರತಿಫಲವನ್ನು ಪಡೆಯುವವನು. ಇಲ್ಲಿ ಒಂದು ಆಶ್ಚರ್ಯದ ಸಂಗತಿ ಇದೆ. ಹೊಸ ಒಡಂಬಡಿಕೆಯನ್ನು ಮೊದಲು ಬರೆದದ್ದು ಗ್ರೀಕ್ ಭಾಷೆಯಲ್ಲಿ. ದ್ರಾಕ್ಷಿ ತೋಟದ ಆಳುಗಳ ಸಾಮ್ಯದಲ್ಲಿ ಸಂಜೆ ಕರೆದು ಕೊಟ್ಟ ಕೂಲಿಗೆ ಅಲ್ಲಿ ಇರುವ ಗ್ರೀಕ್ ಶಬ್ದ ಮಿಸ್ಥೋಸ್. ಈ ಮಿಸ್ಥೋಸ್ ಮತ್ತು ಪಾರಸಿಯ ಮುಜ್ದ್ ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು ಎಂದು ಭಾಷೆ ಬಲ್ಲವರು ಗುರುತಿಸಿದ್ದಾರೆ. ಇಚಲಕರಂಜಿಯ ಮಗ್ಗದ ಮಜೂರಿಗೂ ಸುವಾರ್ತೆಯ ಆ ಸಂಜೆಯ ಕೂಲಿಗೂ ಹೀಗೆ ರಕ್ತಸಂಬಂಧವಿದೆ.

ನಮ್ಮದೇ ಮನೆಯ ಶಬ್ದ

ಇಷ್ಟು ಹೊರಗಿನ ಶಬ್ದಗಳ ನಡುವೆ ಕೂಲಿ ಎಂಬುದು ಮಾತ್ರ ನಮ್ಮದೇ ಮನೆಯದು. ಇದನ್ನು ಹೇಗೆ ತಿಳಿಯುತ್ತಾರೆ? ಒಬ್ಬನ ಮನೆತನ ಹುಡುಕುವಾಗ ಅಣ್ಣತಮ್ಮಂದಿರ ಮನೆಗಳಲ್ಲಿ ವಿಚಾರಿಸುವ ಹಾಗೆಯೇ. ಕನ್ನಡದ ಅಕ್ಕತಂಗಿಯರಾದ ತಮಿಳು, ಮಲಯಾಳ, ತುಳು, ತೆಲುಗು ಎಲ್ಲದರಲ್ಲಿಯೂ ಕೂಲಿ ಎಂಬ ಶಬ್ದವಿದೆ, ಅರ್ಥವೂ ಅದೇ. ಬರೋ ಮತ್ತು ಎಮಿನೊ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಘಂಟಿನಲ್ಲಿ ಇವನ್ನೆಲ್ಲ ಒಂದೇ ಕುಟುಂಬವೆಂದು ಒಟ್ಟಿಗೆ ಕೂರಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೂಲಿ ಎಂಬುದು ಕೂಳು ಎಂಬುದರಿಂದಲೇ ಬಂದಿರಬೇಕು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಕೂಲಿ ಇದ್ದರೆ ಕೂಳು, ಕೂಲಿ ಇಲ್ಲದಿದ್ದರೆ ಕೂಳಿಲ್ಲ ಎಂಬುದು ನಮ್ಮ ಬಾಳಿನಲ್ಲಿ ನಿಜವೇ. ಶಬ್ದದ ವಂಶದಲ್ಲಿ ಮಾತ್ರ ಅದು ನಿಜವಲ್ಲ. ಕೂಳು ಎಂಬುದರ ಕೊನೆಯ ಅಕ್ಷರ ಹಳಗನ್ನಡದಲ್ಲಿ ಈಗ ಬಿಟ್ಟುಹೋಗಿರುವ ಬೇರೊಂದು ೞಕಾರವಾಗಿತ್ತು. ತಮಿಳಿನಲ್ಲಿ ಇಂದಿಗೂ ಅದು ಉಳಿದಿದೆ, ಅಲ್ಲಿ ಆ ಶಬ್ದಕ್ಕೆ ಅಂಬಲಿ ಎಂದು ಅರ್ಥ. ಕೂಲಿಯದು ಸಾಮಾನ್ಯ ಲಕಾರ. ಮುಖ ಹೋಲಿದರೆ ಸಾಲದು, ಒಂದೇ ತಾಯಿಯ ಮಕ್ಕಳಾಗಬೇಕಾದರೆ ಬೇರೆ ಗುರುತು ಬೇಕು.

ಈಗ ಮುಖ್ಯ ಸಂಗತಿಗೆ ಬರೋಣ. ಈ ಎಲ್ಲ ಭಾಷೆಗಳಲ್ಲಿ ಕೂಲಿ ಎಂದರೆ ಮೊದಲು ಏನು? ಮನುಷ್ಯನಲ್ಲ. ಮನುಷ್ಯ ಮಾಡಿದ ಕೆಲಸಕ್ಕೆ ಸಲ್ಲಬೇಕಾದದ್ದು. ದರ್ಜಿಗೆ ಕೊಡುವುದು ಹೊಲಿಗೆ ಕೂಲಿ. ಗಿರಣಿಯಲ್ಲಿ ಕೊಡುವುದು ಬೀಸುವ ಕೂಲಿ. ನೇಕಾರನಿಗೆ ಸಲ್ಲುವುದು ನೆಯ್ಗೆ ಕೂಲಿ. ತಮಿಳುನಾಡಿನ ಚಿನ್ನದ ಅಂಗಡಿಗೆ ಹೋದರೆ ಒಡವೆ ಮಾಡಿದ್ದಕ್ಕೆ ತೆಗೆದುಕೊಳ್ಳುವ ಹಣವನ್ನು ಇಂದಿಗೂ ಸೆಯ್‌ಕೂಲಿ ಎನ್ನುತ್ತಾರೆ. ಅಲ್ಲಿ ಕೂಲಿ ಎಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಸಾವಿರದ ಐನೂರು ವರ್ಷಗಳಷ್ಟು ಹಳೆಯದೆನ್ನುವ ತಿರುಕ್ಕುರಳಿನ 619ನೆಯ ಕುರಳಿನಲ್ಲಿ ಈ ಶಬ್ದ ಬಂದಿದೆ. ಮೈ ದಣಿಸಿ ಮಾಡಿದ ಪ್ರಯತ್ನಕ್ಕೆ ದೊರೆಯುವ ಫಲವನ್ನು ಅಲ್ಲಿ ಕೂಲಿ ಎಂದು ಕರೆದಿದೆ. ಅಷ್ಟು ದೊಡ್ಡ ಗ್ರಂಥದಲ್ಲಿ, ಅಷ್ಟು ಗೌರವದ ಜಾಗದಲ್ಲಿ ಕುಳಿತ ಶಬ್ದ ಇದು.

ದುಡಿಯುವ ಮನುಷ್ಯನಿಗೆ ನಮ್ಮ ಹಿರಿಯರು ಬೇರೆ ಶಬ್ದ ಇಟ್ಟಿದ್ದರು. ಕೂಲಿಯಾಳು, ಕೂಲಿಕಾರ, ಕೂಲಿಯವನು, ಕೂಲಿಯವಳು. ಎಂದರೆ ಕೂಲಿ ಬೇರೆ, ಆಳು ಬೇರೆ. ಆಳು ನಿಂತಿದ್ದಾನೆ, ಕೂಲಿ ಅವನ ಕೈಗೆ ಬರಬೇಕಾಗಿದೆ. ಪಾರಸಿಯ ಮಜ್ದೂರ್ ಎಂಬುದರಲ್ಲಿಯೂ ಇದೇ ವಿವೇಕ ಇತ್ತೆಂದು ಈಗ ತಾನೇ ನೋಡಿದೆವು.

ಕೂಲಿಗೆ ಎದುರು ಮಾತು

ಒಂದು ಶಬ್ದದ ಬೆಲೆ ಅದರ ಎದುರು ಶಬ್ದದಿಂದ ತಿಳಿಯುತ್ತದೆ. ಕೂಲಿಗೆ ಎದುರು ಶಬ್ದ ಯಾವುದು? ಬಿಟ್ಟಿ. ಇಂದು ಬಿಟ್ಟಿ ಎಂದರೆ ಪುಕ್ಕಟೆ ಸಿಕ್ಕದ್ದು ಎಂದು ನಗುತ್ತಾ ಹೇಳುತ್ತೇವೆ. ಅದರ ಹಿಂದಿನ ಕಥೆ ನಗುವಂಥದ್ದಲ್ಲ. ಸಂಸ್ಕೃತದಲ್ಲಿ ವಿಷ್ಟಿ ಎಂದರೆ ಅರಸನಿಗೋ ಅಧಿಕಾರಿಗೋ ಕೂಲಿ ಇಲ್ಲದೆ ಬಲವಂತವಾಗಿ ಮಾಡಬೇಕಾದ ಕೆಲಸ. ಅದೇ ಕನ್ನಡದಲ್ಲಿ ಬಿಟ್ಟಿ ಆಯಿತು, ಮರಾಠಿಯಲ್ಲಿ ವೇಠ್ ಆಯಿತು. ಅದಕ್ಕೆ ಪಾರಸಿಯ ಬೇಗಾರ್ ಎಂಬ ಶಬ್ದ ಸೇರಿ ವೇಠಬಿಗಾರ ಎಂದಾಯಿತು. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂಬುದು ತೆರಿಗೆಗಳ ಸಾಲಿನಲ್ಲೇ ಬರುತ್ತದೆ. ಅಷ್ಟು ಹಳೆಯ ಭಾರ ಅದು.

ಕೊಲ್ಹಾಪುರ ಸಂಸ್ಥಾನದಲ್ಲಿ ಈ ವೇಠಬಿಗಾರವನ್ನು ನಿಲ್ಲಿಸಿದವರು ರಾಜರ್ಷಿ ಶಾಹೂ ಮಹಾರಾಜರು. 1922ರಲ್ಲಿ ತೀರಿಕೊಂಡ ಅವರು ತಮ್ಮ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮಾಡಿದ ಕೆಲಸ ಅದು. ಗಡಹಿಂಗ್ಲಜ ಆಗ ಅವರ ಸಂಸ್ಥಾನದ ಊರು. ಕರೆ ಬಂದ ಕೂಡಲೇ ತಮ್ಮ ಹೊಲ ಬಿಟ್ಟು, ಹಸಿದ ಹೊಟ್ಟೆಯಲ್ಲಿ, ಕಾಸಿಲ್ಲದೆ ಓಡಬೇಕಾಗಿದ್ದ ಜನರಿಗೆ ಅದು ಎಂಥ ಬಿಡುಗಡೆ ಎಂದು ಯೋಚಿಸಿರಿ. ಮುಂದೆ 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಬೇಗಾರನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಇಂಗ್ಲಿಷಿನಲ್ಲಿ ಬರೆದ ಆ ಸಂವಿಧಾನದಲ್ಲಿ ಬೇಗಾರ್ ಎಂಬ ಶಬ್ದವನ್ನು ಹಾಗೆಯೇ ಇಟ್ಟಿದ್ದಾರೆ. ನಮ್ಮ ನೋವಿನ ಶಬ್ದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿ ಸಿಗಲಿಲ್ಲವೋ ಏನೋ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆಯೂ ಬಂತು.

ಬಿಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಕೂಲಿ ಎಂಬುದು ಎಷ್ಟು ಒಳ್ಳೆಯ ಶಬ್ದ! ನಾನು ದುಡಿದೆ, ನೀನು ಕೊಡಬೇಕು ಎಂಬ ನ್ಯಾಯ ಅದರೊಳಗಿದೆ. ಬಿಟ್ಟಿ ಮಾಡುವವನಿಗೆ ಕೇಳುವ ಹಕ್ಕಿರಲಿಲ್ಲ. ಕೂಲಿ ಮಾಡುವವನಿಗೆ ಕೇಳುವ ಹಕ್ಕಿದೆ.

ಶಬ್ದ ಕೆಟ್ಟದ್ದು ಹೇಗೆ?

ಹಾಗಾದರೆ ಇಂಥ ಶಬ್ದ ಬೈಗುಳವಾದದ್ದು ಎಲ್ಲಿ? ಅದು ಸಮುದ್ರ ದಾಟಿದಾಗ.

ನಮ್ಮ ಕರಾವಳಿಗಳಿಗೆ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ವ್ಯಾಪಾರಕ್ಕೆ ಬಂದರು. ತಮಿಳು ಸೀಮೆಯ ಬಂದರುಗಳಲ್ಲಿ ಮೂಟೆ ಹೊರುವವರು ಕೂಲಿ ಕೂಲಿ ಎಂದು ತಮಗೆ ಸಲ್ಲಬೇಕಾದ ಹಣವನ್ನು ಕೇಳುತ್ತಿದ್ದರು. ಕೇಳಿದ ಪರದೇಶಿಗೆ ಹಣದ ಹೆಸರು ಮತ್ತು ಮನುಷ್ಯನ ಹೆಸರು ಒಂದೇ ಆಯಿತು. ಇನ್ನೊಂದು ಕಡೆ ಗುಜರಾತಿನ ತೀರದಲ್ಲಿ ಕೋಲಿ ಎಂಬ ಜನಾಂಗದವರಿದ್ದರು. ಅವರ ಹೆಸರೂ ಇದರೊಂದಿಗೆ ಬೆರೆತಿರಬೇಕೆಂದು ಹೇಳುವವರಿದ್ದಾರೆ. ಇಂಗ್ಲಿಷರು ಭಾರತದಲ್ಲಿ ಕಲಿತ ಶಬ್ದಗಳನ್ನೆಲ್ಲ ಕೂಡಿಸಿ 1886ರಲ್ಲಿ ಹೊರತಂದ ಹಾಬ್ಸನ್ ಜಾಬ್ಸನ್ ಎಂಬ ಕೋಶದಲ್ಲಿ ಈ ಎರಡು ಮೂಲಗಳ ಚರ್ಚೆಯೂ ಇದೆ. ಎರಡು ಹೊಳೆ ಕೂಡಿದ ಮೇಲೆ ಯಾವ ನೀರು ಯಾವುದೆಂದು ಹೇಳುವುದು ಕಷ್ಟ. ಆದರೆ ದುಡಿಮೆಯ ಬೆಲೆ ಎಂಬ ಅರ್ಥದ ನೀರು ನಮ್ಮ ಕಡೆಯದೇ.

ಆ ಮೇಲೆ ದೊಡ್ಡ ಅನಾಹುತ ಆಯಿತು. 1833ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾಯ್ದೆ ಮಾಡಿತು. ಸಕ್ಕರೆ ತೋಟಗಳ ಒಡೆಯರಿಗೆ ಗುಲಾಮರ ಜಾಗದಲ್ಲಿ ಬೇರೆ ಜನ ಬೇಕಾಯಿತು. ಅವರ ಕಣ್ಣು ಭಾರತದ ಮೇಲೆ ಬಿತ್ತು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು 36 ಜನ ದುಡಿಮೆಗಾರರನ್ನು ಹೊತ್ತು ಮಾರಿಷಸ್ ದ್ವೀಪ ಮುಟ್ಟಿತು. 1838ರಲ್ಲಿ ಬ್ರಿಟಿಷ್ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ದಕ್ಷಿಣ ಆಫ್ರಿಕದ ನಟಾಲ್, 1879ರಲ್ಲಿ ಫಿಜಿ, ಹೀಗೆ ಒಂದಾದ ಮೇಲೊಂದು ಊರಿಗೆ ಹಡಗುಗಳು ಹೋದವು. ಒಟ್ಟು ಹತ್ತು ಲಕ್ಷಕ್ಕೂ ಮಿಕ್ಕಿದ ಜನ. ಮುಂಬಯಿ ಬಂದರಿನಿಂದ ಮಾರಿಷಸ್ಸಿಗೆ ಹೋದ ಮರಾಠಿ ಜನರ ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ.

ಅವರಿಂದ ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನ ಅಗ್ರಿಮೆಂಟ್ ಎಂಬುದು ಅವರ ಬಾಯಲ್ಲಿ ಗಿರ್ಮಿಟ್ ಆಯಿತು, ಗಿರ್ಮಿಟಿಗೆ ಸಿಕ್ಕಿದವನು ಗಿರ್ಮಿಟಿಯಾ ಆದ. ಒಡೆಯರು ಮಾತ್ರ ಅವರನ್ನು ಕರೆದದ್ದು ಕೂಲಿ ಎಂದೇ. ಹಡಗಿಗೆ ಕೂಲಿ ಹಡಗು ಎಂದರು, ಇಳಿಯುವ ದಕ್ಕೆಗೆ ಕೂಲಿ ಘಾಟ್ ಎಂದರು. ಚೀನಾದಿಂದ ಕ್ಯೂಬಾ, ಪೆರು ದೇಶಗಳಿಗೆ ಸಾಗಿಸಿದ ಜನರಿಗೂ ಇದೇ ಹೆಸರು ಅಂಟಿತು. ಚೀನೀಯರು ಈ ಶಬ್ದವನ್ನು ತಮ್ಮ ಲಿಪಿಯಲ್ಲಿ ಬರೆಯುವಾಗ ಕೂಲಿಯ ಧ್ವನಿಗೆ ಹತ್ತಿರವಾದ ಎರಡು ಅಕ್ಷರಗಳನ್ನು ಆರಿಸಿಕೊಂಡರು. ಒಂದರ ಅರ್ಥ ಕಹಿ, ಇನ್ನೊಂದರ ಅರ್ಥ ಬಲ. ಕಹಿ ದುಡಿಮೆ ಎಂದಂತಾಯಿತು. ನಮ್ಮ ಶಬ್ದಕ್ಕೆ ಆ ದೂರದ ಜನ ತಮ್ಮ ಕಣ್ಣೀರಿನ ಅರ್ಥ ಕೊಟ್ಟರು.

1893ರಲ್ಲಿ ಮೋಹನದಾಸ ಗಾಂಧಿಯವರು ವಕೀಲರಾಗಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿ ಬಿಳಿಯರ ಕಣ್ಣಿಗೆ ಭಾರತೀಯರೆಲ್ಲರೂ ಕೂಲಿಗಳೇ. ವ್ಯಾಪಾರಿ ಕೂಲಿ ವ್ಯಾಪಾರಿ, ಗಾಂಧಿಯವರು ಕೂಲಿ ಬ್ಯಾರಿಸ್ಟರು. ಅಲ್ಲಿ ತಮಿಳರ ಹೆಸರುಗಳ ಕೊನೆಗೆ ಬರುವ ಸಾಮಿ ಎಂಬುದನ್ನೂ ತಿರಸ್ಕಾರದ ಕೂಗು ಮಾಡಿಕೊಂಡಿದ್ದರು. ಸಾಮಿ ಎಂದರೆ ಸ್ವಾಮಿ, ಒಡೆಯ. ಧೈರ್ಯ ಮತ್ತು ಬುದ್ಧಿ ಇದ್ದ ಕೆಲವರು, ನೀವು ನನ್ನನ್ನು ಒಡೆಯ ಎನ್ನುತ್ತಿದ್ದೀರಿ, ನಾನು ನಿಮ್ಮ ಒಡೆಯನಲ್ಲವಲ್ಲ ಎಂದು ತಿರುಗಿ ಉತ್ತರ ಕೊಡುತ್ತಿದ್ದರಂತೆ. ಗಾಂಧಿಯವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿದ್ದಾರೆ. ತನ್ನ ಶಬ್ದದ ಅರ್ಥ ಗೊತ್ತಿದ್ದವನಿಗೆ ಆ ಉತ್ತರ ಹೊಳೆಯಿತು. ಅದಕ್ಕಾಗಿಯೇ ನಾವು ಇಂದು ಶಬ್ದದ ಅರ್ಥ ತಿಳಿಯಲು ಕುಳಿತಿರುವುದು.

ಗಿರ್ಮಿಟ್ ಪದ್ಧತಿಯ ಮೇಲೆ ಜನಾಭಿಪ್ರಾಯ ಎದ್ದು 1917ರಲ್ಲಿ ಹೊಸ ಜನರನ್ನು ಕಳಿಸುವುದು ನಿಂತಿತು, 1920ರ ಹೊತ್ತಿಗೆ ಆ ಪದ್ಧತಿಯೇ ಮುಗಿಯಿತು. ಶಬ್ದಕ್ಕೆ ಹತ್ತಿದ ಕಲೆ ಮಾತ್ರ ಉಳಿಯಿತು.

ನಮ್ಮ ಹತ್ತಿರದಲ್ಲಿಯೇ

ಹೊರದೇಶದವರನ್ನಷ್ಟೇ ದೂರಿದರೆ ಮಾತು ಅರ್ಧವಾಗುತ್ತದೆ. ಇಲ್ಲಿಯ ತೋಟಗಳ ಕಥೆಯೂ ಇದೆ. 1859ರ 13ನೆಯ ಕಾಯ್ದೆ ಎಂದು ಒಂದಿತ್ತು. ಮುಂಗಡ ಪಡೆದ ಆಳು ಕೆಲಸಕ್ಕೆ ಬಾರದಿದ್ದರೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಅವರ ಆಜ್ಞೆ ಮೀರಿದರೆ 3 ತಿಂಗಳವರೆಗೆ ಕಠಿಣ ಸಜೆ. ದಕ್ಷಿಣದ ಕಾಫಿ ತೋಟಗಳಲ್ಲಿ ಈ ಕಾಯ್ದೆಯನ್ನು ಚೆನ್ನಾಗಿಯೇ ಬಳಸಿದರು. ಅದನ್ನು ತೆಗೆದುಹಾಕುವ ಕಾಯ್ದೆ ಬಂದದ್ದು 1925ರಲ್ಲಿ. ಆರು ದಶಕಕ್ಕೂ ಹೆಚ್ಚು ಕಾಲ ಹೀಗೆ ಕೂಲಿಗೆ ಬಂದವನ ಹೆಗಲ ಮೇಲೆ ಜೈಲಿನ ಹೆದರಿಕೆ ಇತ್ತು. ಆ ಕಾಲದಲ್ಲಿ ಕಟ್ಟಿದ ಸಾಲುಮನೆಗಳಿಗೆ ಕೂಲಿ ಲೈನ್ ಎಂಬ ಹೆಸರು ಬಂತು. ನಾವು ಇಂದಿಗೂ ಲೈನ್ ಮನೆ ಎನ್ನುತ್ತೇವೆ.

ಈ ಕೊಲ್ಹಾಪುರ ಜಿಲ್ಲೆಯ ಕಬ್ಬಿನ ಗದ್ದೆಗಳನ್ನೇ ನೋಡಿ. ಸುಗ್ಗಿಯಲ್ಲಿ ದೂರದ ಬರಗಾಲದ ಜಿಲ್ಲೆಗಳಿಂದ ಕಬ್ಬು ಕಡಿಯುವವರು ಬರುತ್ತಾರೆ. ಅವರನ್ನು ಎಣಿಸುವಾಗ ಎಷ್ಟು ಜನ ಎಂದು ಕೇಳುವುದಿಲ್ಲ, ಎಷ್ಟು ಕೊಯ್ತಾ ಎಂದು ಕೇಳುತ್ತಾರೆ. ಕೊಯ್ತಾ ಎಂದರೆ ಕೈಯಲ್ಲಿರುವ ಕತ್ತಿ. ನಮ್ಮ ಕನ್ನಡದ ಕೊಯ್ಯು ಎಂಬ ಕ್ರಿಯಾಪದಕ್ಕೆ ಅದು ನೆಂಟ ಎಂದು ವಿದ್ವಾಂಸರು ಹೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಅವನು ಕಡಿಯುತ್ತಾನೆ, ಅವಳು ಕಟ್ಟಿ ಹೊರುತ್ತಾಳೆ, ಲೆಕ್ಕದ ಪುಸ್ತಕದಲ್ಲಿ ಇಬ್ಬರು ಮನುಷ್ಯರು ಒಂದು ಕತ್ತಿಯಾಗಿ ಬಿಡುತ್ತಾರೆ. ಅಲ್ಲಿ ಕೂಲಿಯ ಹೆಸರು ಮನುಷ್ಯನಿಗೆ ಬಂತು, ಇಲ್ಲಿ ಹತ್ಯಾರದ ಹೆಸರು ಬಂತು. ಮನುಷ್ಯ ಕಾಣದೆ ಹೋದದ್ದು ಎರಡು ಕಡೆಯಲ್ಲಿಯೂ.

ನಾವೇನು ಕಡಿಮೆ? ನಾಳೆ ಹತ್ತು ಕೂಲಿ ಬೇಕು, ನಮ್ಮ ಹೊಲಕ್ಕೆ ಎರಡು ಕೂಲಿ ಹಚ್ಚಿದ್ದೇವೆ ಎಂದು ನಮ್ಮ ಬಾಯಲ್ಲಿಯೇ ಬರುತ್ತದೆ. ತುಸು ಜಮೀನು ಸಿಕ್ಕಿದರೆ ಸಾಕು, ಪಕ್ಕದ ಮನೆಯ ತಾಯಿಯನ್ನೇ ಹೆಣ್ಣಾಳು ಎಂದು ಕರೆದು ಗಂಡಾಳಿಗಿಂತ ಕಡಿಮೆ ಕೂಲಿ ಕೈಯಲ್ಲಿಡುತ್ತೇವೆ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಬಿಳಿಯ ದೊರೆ ನಮ್ಮನ್ನು ಹೀಗೆ ಕರೆದ ಎಂದು ನೋವು ಪಡುವವರು ನಮ್ಮ ನಾಲಿಗೆಯನ್ನೂ ನಮ್ಮ ಕೈಯನ್ನೂ ನೋಡಿಕೊಳ್ಳಬೇಕು.

ಹೆಸರು ಬದಲಿಸಿದರೆ ಆಯಿತೆ?

ಕೆಟ್ಟ ಶಬ್ದವನ್ನು ಬಿಟ್ಟುಬಿಡೋಣ ಎಂದು ಕೆಲವರು ಹೇಳುತ್ತಾರೆ. 2016ರ ರೈಲ್ವೆ ಬಜೆಟ್ಟಿನಲ್ಲಿ, ನಿಲ್ದಾಣದಲ್ಲಿ ಸಾಮಾನು ಹೊರುವವರನ್ನು ಇನ್ನು ಮುಂದೆ ಕೂಲಿ ಎನ್ನಬಾರದು, ಸಹಾಯಕ ಎನ್ನಬೇಕು ಎಂದು ಸಾರಿದರು. ಮಾರಿಷಸ್ಸಿನ ಕೂಲಿ ಘಾಟಿಗೆ ಆಪ್ರವಾಸಿ ಘಾಟ್ ಎಂದು ಹೆಸರಿಟ್ಟರು. 2006ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. 1834ರಿಂದ 1920ರವರೆಗೆ ಸುಮಾರು ಐದು ಲಕ್ಷ ಜನ ಭಾರತದಿಂದ ಬಂದು ಇಳಿದ ಜಾಗ ಅದು. ನವೆಂಬರ್ 2 ಆ ದೇಶದಲ್ಲಿ ರಜೆಯ ದಿನ. ತಮ್ಮ ಹಿರಿಯರ ಕಷ್ಟವನ್ನು ಮರೆಮಾಚದೆ ಅದನ್ನೇ ಗೌರವದಿಂದ ನೆನೆಯುತ್ತಾರೆ.

ಹೆಸರು ಬದಲಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಇನ್ನೊಬ್ಬರು ನಮ್ಮನ್ನು ಕರೆಯುವಾಗ ಗೌರವದಿಂದ ಕರೆಯಲಿ. ಕಾರ್ಮಿಕ ಎನ್ನಲಿ, ತೋಟದ ಕೆಲಸಗಾರ ಎನ್ನಲಿ, ಅದಕ್ಕಿಂತ ಮೊದಲು ಹೆಸರು ಹಿಡಿದು ಕರೆಯಲಿ. ಆದರೆ ಕೂಲಿ ಎಂಬ ಶಬ್ದವನ್ನೇ ನಾಚಿಕೆಯಿಂದ ಬಿಟ್ಟರೆ ನಮ್ಮ ಕೈಯಲ್ಲಿದ್ದ ಒಂದು ಹಕ್ಕುಪತ್ರವನ್ನು ನಾವೇ ಹರಿದು ಹಾಕಿದಂತೆ. ಆ ಶಬ್ದವನ್ನು ಅದರ ಹಳೆಯ ಜಾಗಕ್ಕೆ ತಿರುಗಿ ಕೂರಿಸಬೇಕು. ಕೂಲಿ ನಮ್ಮ ಹೆಸರಲ್ಲ, ನಮಗೆ ಬರಬೇಕಾದದ್ದರ ಹೆಸರು.

ದ್ರಾಕ್ಷಿ ತೋಟದ ಸಾಮ್ಯವನ್ನು ನಾವು ಎಷ್ಟು ಸಲ ಕೇಳಿಲ್ಲ! ಪೇಟೆಯಲ್ಲಿ ನಿಂತಿದ್ದವರು ಮನುಷ್ಯರು. ಸಂಜೆ ಅವರ ಕೈಗೆ ಬಂದದ್ದು ಕೂಲಿ. ಹೊತ್ತು ಇಳಿದ ಮೇಲೆ ಬಂದವನ ಹೊಟ್ಟೆಯೂ ಬೆಳಿಗ್ಗೆ ಬಂದವನ ಹೊಟ್ಟೆಯಷ್ಟೇ ದೊಡ್ಡದು ಎಂಬುದನ್ನು ಆ ಯಜಮಾನ ಬಲ್ಲವನಾಗಿದ್ದ. ಅವನು ಆಳುಗಳ ಲೆಕ್ಕ ಇಟ್ಟ, ಆದರೆ ಆಳನ್ನು ಲೆಕ್ಕದ ಅಂಕಿ ಮಾಡಲಿಲ್ಲ.

ಆದ್ದರಿಂದ ನಾವು ಮನೆಗೆ ಹೋಗಿ ಮಾಡಬೇಕಾದದ್ದು ಇಷ್ಟು. ಹಾಜರಿ ಪುಸ್ತಕದಲ್ಲಿ ನಮ್ಮ ದಿನಗಳು ಸರಿಯಾಗಿ ಬಿದ್ದಿವೆಯೇ ಎಂದು ನೋಡಿಕೊಳ್ಳೋಣ. ಕೂಲಿಯನ್ನು ಎಣಿಸಿ ತೆಗೆದುಕೊಳ್ಳೋಣ, ಎಣಿಸುವುದು ಅವಿಶ್ವಾಸವಲ್ಲ. ಸಂಜೆ ಮಕ್ಕಳ ಹತ್ತಿರ ಕುಳಿತು ಈ ಶಬ್ದದ ಕಥೆ ಹೇಳೋಣ. ನಮ್ಮ ಹೊಲಕ್ಕೆ ಯಾರಾದರೂ ಬಂದರೆ ಹತ್ತು ಕೂಲಿ ಬಂದವು ಎನ್ನದೆ ಹತ್ತು ಜನ ಬಂದರು ಎನ್ನೋಣ.

ಆ ಹುಡುಗಿಯ ಅರ್ಜಿ ಏನಾಯಿತೆಂದು ನೀವು ಕೇಳಬಹುದು. ಇದೆಲ್ಲವನ್ನೂ ಒಂದು ರಾತ್ರಿ ಅವಳ ಮನೆಯಲ್ಲಿ ಕುಳಿತು ಹೇಳಿದೆವು. ಅಟ್ಲಾಸ್ ಹಡಗಿನ ವಿಷಯ ಬಂದಾಗ ಅವಳು, "ಆ ಮೂವತ್ತಾರು ಮಂದೀ ಹೆಸರು ಬರದಿಟ್ಟಾರೇನು?" ಎಂದು ಕೇಳಿದಳು. ಎಲ್ಲದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಅವಳೇ ಕೇಳಿದಳು ಎಂದು ನಮಗೆ ಅನ್ನಿಸಿತು. ಅಪ್ಪ ಬಾಗಿಲ ಬಳಿಯಿಂದ ಎದ್ದು ಬಂದು ದೀಪದ ಹತ್ತಿರ ಕುಳಿತ. ಕೊನೆಗೆ ಆ ಖಾಲಿ ಜಾಗದಲ್ಲಿ ಅವಳು ತನ್ನ ಕೈಯಾರೆ ಬರೆದದ್ದು ಎರಡು ಶಬ್ದ: ಕಾಫಿ ತೋಟದ ಕೂಲಿಕಾರ ಎಂದು ಬರೆಯಲು ಹೋಗಿ, ಜಾಗ ಸಾಲದೆ, ತೋಟದ ಕೂಲಿಕಾರ ಎಂದು ಬರೆದಳು. ಅಕ್ಷರ ದುಂಡಗೆ ಇದ್ದವು. ಅಪ್ಪ ಅದನ್ನು ಓದಿ ನೋಡಿ, ಕೆಳಗೆ ತನ್ನ ಸಹಿ ಮಾಡಿದ.

ದುಡಿದ ಕೈಗೆ ಕೂಲಿ ತಪ್ಪದಿರಲಿ.